ಪೈಲಟ್ ಅಜ್ಜನ ದನಿ ಹಿಡಿಯಾಕ ಹೋಗಿ

ಊರನ್ನ ನಗಿಸುವವನಿಗೆ ಸಿಟ್ಟು ಬರಬಾರದು ಅಂತ ಯಾರೂ ಕಾಯ್ದೆ ಮಾಡಿಲ್ಲ. ರಿಟೈರ್ ಆದ ಮೂರು ಮಂದಿ ಪೈಲಟ್ ಮುದುಕರ ನಡುವೆ ಕುಂತು ನೋಡ್ರಿ. ತಲಿ ಕೆಡುವಂಥದ್ದು ವಾರಕ್ಕೊಂದು ಆಗಿಯೇ ಆಗತೈತಿ. ಅದು ಆಗುವಾಗ ನನ್ನೊಬ್ಬನ್ನ ಬಿಟ್ಟು ಉಳಿದವರೆಲ್ಲ ನಗತಿರತಾರ.

ನಾನು ಘೋಡಗೇರಿಯ ಹುಡುಗ. ಹತ್ತನೇ ಇಯತ್ತೆಯ ಗಣಿತದಲ್ಲಿ ಎರಡು ಸಲ ಫೇಲ್. ಊರಲ್ಲಿ ಯಾರ ಸೈಕಲ್ ಸೀಟು ಹಿಂದುಮುಂದಾಗಿದ್ದರೂ, ಯಾರ ಎಮ್ಮೆಯ ಕಣ್ಣಿಗೆ ತಂಪು ಚಾಳೀಸು ಏರಿದ್ದರೂ, ಜನ ಮೊದಲು ನಮ್ಮ ಮನಿ ಬಾಗಿಲಿಗೆ ಬರತಾರ. ನಮ್ಮ ಅಜ್ಜ ಮಾತ್ರ ಊರಿಗೆಲ್ಲ ಮರ್ಯಾದಸ್ತ. ವಾಯುದಳದಲ್ಲಿ ಹೆಲಿಕಾಪ್ಟರ್ ಹಾರಿಸಿದವ. ಈ ವರ್ಷ ಅವನ ಗಂಟಲಲ್ಲಿ ಗಡ್ಡಿ ಬೆಳೆಯಿತು. ದನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತು ಬರೋದಿಲ್ಲ ಅಂತ ಬೆಳಗಾವಿಯ ಡಾಕ್ಟರ್ ಹೇಳಿಬಿಟ್ಟರು. ಆಪರೇಶನ್‌ಗೆ ಇಪ್ಪತ್ತು ದಿವಸ ಇತ್ತು.

ಅದೇ ವಾರ ವಿಜಯಪುರದಿಂದ ಒಬ್ಬ ಅಕ್ಕಾರ ಫೋನ್ ಬಂತು. ಅವರ ಅಪ್ಪ ನಮ್ಮ ಅಜ್ಜನ ಜೋಡಿ ಹಿಮದ ಗುಡ್ಡಗಳಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ಈ ಅಕ್ಕಾರ ಎರಡು ತಿಂಗಳ ಕೂಸಿದ್ದಾಗ ಅಲ್ಲೇ ತೀರಿಕೊಂಡರು. ಅಪ್ಪ ಒಂದು ಸಲ ನಿಮ್ಮ ಜೀವ ಉಳಿಸಿದ್ದರಂತಲ್ಲ, ಅದನ್ನ ನಿಮ್ಮ ದನಿಯಲ್ಲೇ ಕೇಳಬೇಕು ಅಂತ ಅಕ್ಕಾರ ಅಜ್ಜನಿಗೆ ಅಂದರು. ಬರೆದು ಕಳಿಸಿಬಿಡು ಅಂತ ನಾನು ಅಜ್ಜನಿಗೆ ಹೇಳಿದೆ. ಅಜ್ಜ ಒಪ್ಪಲಿಲ್ಲ. ನಾ ಏನ ಬರದ್ರೂ ಅದು ಅಪಘಾತದ ರಿಪೋರ್ಟ್ ಆಗತೈತಿ ಅಂದ. ಹಂಗಾಗಿ ಅಜ್ಜನ ದನಿ ಹಿಡಿಯುವ ಕೆಲಸ ನನ್ನ ಮತ್ತ ನನ್ನ ಫೋನಿನ ಕೊರಳಿಗೆ ಬಿತ್ತು.

ನೆಲ ಬಿಡದ ಹೆಲಿಕಾಪ್ಟರ್

ರವಿವಾರಕ್ಕೊಮ್ಮೆ ಅಜ್ಜನ ದೋಸ್ತರಿಬ್ಬರು ನಮ್ಮ ಮನಿಗೆ ಬರತಾರ. ಗೋಕಾಕದ ಅಜ್ಜ ಫೈಟರ್ ವಿಮಾನದವರು. ಮೂಡಲಗಿ ಅಜ್ಜ ಸಾಮಾನು ಹೊರುವ ನಾಲ್ಕು ಇಂಜಿನ್ನಿನ ದೊಡ್ಡ ವಿಮಾನದವರು, ಅವರಿಗೆ ಕುರ್ಚಿಯ ಮೇಲೆ ಇಳಿಯಾಕ ಸುದ್ದಾ ಉದ್ದನೆಯ ಜಾಗಾ ಬೇಕು. ಫೈಟರ್ ಅಂದ್ರ ಮೋಟರ್ ಸೈಕಲ್ ಅಂತ ಇವರು, ಸಾಮಾನಿನ ವಿಮಾನ ಅಂದ್ರ ಟೆಂಪೋ ಅಂತ ಅವರು. ಹೆಲಿಕಾಪ್ಟರ್ ಅಂದ್ರ ಹಿಟ್ಟಿನ ಗಿರಣಿ ಅಂತ ಇಬ್ಬರೂ.

ಮೊದಲ ರವಿವಾರ ಅಜ್ಜ ಮಲಗುವ ಹೊರಸಿನ ಮೇಲೆ ಫೋನ್ ಇಟ್ಟು, ಶುರು ಮಾಡು ಅಜ್ಜಾ ಅಂದೆ. ಅಜ್ಜ "ಅವತ್ತ ಮುಂಜಾನೆ" ಅಂದ, ಅಷ್ಟೇ. ಗಾಳಿ ಯಾವ ಕಡೆಯಿಂದ ಇತ್ತು ಅಂತ ಗೋಕಾಕದ ಅಜ್ಜ ಕೇಳಿದರು. ಪೈಲಟ್ ಮಂದಿಯಲ್ಲಿ ಒಂದು ರಿವಾಜು ಐತಂತ, ಗಾಳಿ, ಮೋಡ, ತೂಕ, ಎಣ್ಣಿ ಇಷ್ಟು ಹೇಳದೆ ಯಾರೂ ಕತಿ ಮುಂದ ಒಯ್ಯೋ ಹಂಗಿಲ್ಲ. ಅಜ್ಜ ಗಾಳಿ ಹೇಳಿದ. ಮೂಡಲಗಿ ಅಜ್ಜ ತೂಕ ಕೇಳಿದರು. ಗುಡ್ಡದ ಮೇಲಿನ ಸಿಪಾಯಿಗಳ ಒಲಿಗೆ ಆರು ಡಬ್ಬಿ ಸೀಮಿಎಣ್ಣಿ ಅಂದ ಅಜ್ಜ. ಆ ಎತ್ತರಕ್ಕ ಆರು ಡಬ್ಬಿ ಏರೋದಿಲ್ಲ ಅಂತ ಶುರುವಾತು ನೋಡ್ರಿ ವಾದ. ಪೇಪರಿನ ಅಂಚಿನ ಮೇಲೆ ಪೆನ್ಸಿಲ್ ಹಿಡಿದು ಮೂವರೂ ಲೆಕ್ಕ ಮಾಡಿದರು. ಗಣಿತಕ್ಕೆ ಹೆದರಿ ಸಾಲಿ ಬಿಟ್ಟವ ನಾನು, ಅದು ಇಲ್ಲಿ ಮನಿಗೇ ಬಂದು ಕುಂತಿತ್ತು.

ಅರ್ಧ ತಾಸಿಗೆ ಅಜ್ಜನ ದನಿ ಸವೆದು ಹೋಯಿತು, ಇಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ನಾನು ಹಲ್ಲು ಕಡಿಯುತ್ತಾ ಫೋನ್ ಬಂದ್ ಮಾಡಿದೆ. ಚಾ ತಂದ ಅವ್ವ ಮೂವರ ಮುಖ ನೋಡಿ ಸಾವಕಾಶ ಕೇಳಿದಳು:

"ಅಲ್ರಿ, ಆ ಗುಡ್ಡದ ಮ್ಯಾಗಿನ ಸಿಪಾಯಿಗೋಳು ಅವತ್ತ ಉಂಡ್ರೋ, ಇಲ್ಲಾ ಇನ್ನೂ ಕಾಯಾಕತ್ತಾರೋ?"

ಬಟಾಟಿ

ದಿನಕ್ಕೆ ಅರ್ಧ ತಾಸಿಗಿಂತ ಹೆಚ್ಚು ಮಾತಾಡಬ್ಯಾಡ ಅಂತ ಡಾಕ್ಟರ್ ಹೇಳಿದ್ದರು. ಆ ಅರ್ಧ ತಾಸಿನ ಮೇಲೂ ಜನರ ಕಣ್ಣು ಬಿತ್ತು. ಹುಕ್ಕೇರಿ ಕಡೆಯ ಒಂದು ಸಂಘದವರು ವೀರ ಯೋಧನಿಗೆ ಸನ್ಮಾನ ಅಂತ ಅಜ್ಜನನ್ನ ಒಯ್ದರು. ನಾನು ಬ್ಯಾಡ ಅಂದೆ. ನನ್ನ ಮಾತು ಯಾರು ಕೇಳತಾರ, ಎಮ್ಮೆಗೆ ಚಾಳೀಸು ಹಾಕಿದವನದು.

ಎರಡು ತಾಸು ಭಾಷಣ. ಒಬ್ಬರು ತಮ್ಮ ಮಾವನ ಬಗ್ಗೆ ಮಾತಾಡಿದರು, ಇನ್ನೊಬ್ಬರು ಮುಂದಿನ ಚುನಾವಣೆ ಬಗ್ಗೆ. ಅಜ್ಜನಿಗೆ ಶಾಲು ಹೊದಿಸಿ, ಫ್ಯಾನನ್ನ ಅತಿಥಿಗಳ ಕಡೆ ತಿರುಗಿಸಿದ್ದರು. ಅಜ್ಜ ಶಾಲಿನೊಳಗೆ ಬೇಯುತ್ತಾ ಕುಂತಿದ್ದ. ಕಡೀಕ ನಿರೂಪಣೆ ಮಾಡುವವ ಮೈಕ್ ಹಿಡಿದು, ವೈರಿಗಳ ಮೇಲೆ ನೂರಾರು ಬಾಂಬ್ ಹಾಕಿದ ವೀರ ಇವರು ಅಂದುಬಿಟ್ಟ.

ಅಜ್ಜನಿಗೆ ಸುಳ್ಳು ತಡಕೊಳ್ಳಾಕ ಆಗೋದಿಲ್ಲ. ಎದ್ದು ಮೈಕ್ ಇಸಗೊಂಡ. ಅವತ್ತಿನ ಪಾಲಿಗೆ ಉಳಿದಿದ್ದ ದನಿ ಅಷ್ಟೂ ಖರ್ಚು ಮಾಡಿ, "ನಾ ಒಂದೂ ಬಾಂಬ್ ಹಾಕಿಲ್ರಿ. ಗುಡ್ಡದ ಮ್ಯಾಲಿದ್ದ ನಮ್ಮ ಹುಡುಗೋರಿಗೆ ಸೀಮಿಎಣ್ಣಿ, ಬಟಾಟಿ ಒಯ್ದು ಹಾಕಿ ಬರತಿದ್ನಿ" ಅಂದ.

ನಿರೂಪಣೆಯವನ ಕಣ್ಣು ಪಿಳುಕಲಿಲ್ಲ. "ಕೇಳಿದಿರಲ್ಲ ಬಂಧುಗಳೇ, ವೈರಿಗಳ ತಲೆಯ ಮೇಲೆ ಸೀಮೆಎಣ್ಣೆ ಸುರಿದು ಬಂದ ಧೀರ" ಅಂದ. ಚಪ್ಪಾಳೆಯೋ ಚಪ್ಪಾಳೆ.

ವಾಪಸ್ ಬರುವಾಗ ಟಂಟಂ ರಿಕ್ಷಾದಲ್ಲಿ ನಾನು ಕುದಿಯುತ್ತಿದ್ದೆ. ಒಂದು ಇಡೀ ದಿನದ ದನಿ ಕಸದ ಬುಟ್ಟಿಗೆ ಹೋಯಿತು, ಆ ಮನುಷ್ಯಾನ ಸ್ಕೂಟರಿನ ಗಾಳಿ ಬಿಟ್ಟು ಬರಬೇಕಿತ್ತು ಅಂತ ಬೈಯುತ್ತಿದ್ದೆ. ಅಜ್ಜ ನನ್ನ ತೊಡಿ ತಟ್ಟಿ ಕಿವಿಯ ಹತ್ತಿರ ಬಂದ. ಸಮಾಧಾನ ಹೇಳತಾನ ಅಂದುಕೊಂಡೆ.

"ಬಟಾಟಿ ಬಿಟ್ಟಾ ನೋಡ ಅಂವ" ಅಂತ ಪಿಸುಗುಟ್ಟಿದ.

ನಾನು ಮಾಡಿದ್ದು

ಮುಂದಿನದಕ್ಕೆ ನನ್ನ ಮೇಲೆ ನನಗೇ ಸಿಟ್ಟು, ಅದು ಇನ್ನೂ ಇಳಿದಿಲ್ಲ.

ಹೆಲಿಕಾಪ್ಟರಿನ ಮೇಲಿನ ರೆಕ್ಕೆ ತಿರುಗುವ ವೇಗ ಕಡಿಮೆ ಆದ್ರ ಒಳಗೊಂದು ಹಾರ್ನ್ ಚೀರತೈತಂತ. ಚೀರಿದ ಕೂಡಲೇ ಪೈಲಟ್ ಎಡಗೈಯ ಹಿಡಿಕೆಯನ್ನ ಕೆಳಗೆ ತಳ್ಳಬೇಕು. ವಿಚಾರ ಮಾಡಾಕ ಟೈಮ್ ಇರೋದಿಲ್ಲ, ಕೈ ತಾನೇ ಹೋಗಬೇಕು ಅಂತ ಅಜ್ಜ ಯಾವಾಗೋ ಹೇಳಿದ್ದ. ಇಷ್ಟು ವರ್ಷ ಆದಮೇಲೂ ಕೈ ಹೋಗತೈತೇನು ಅಂತ ನನಗೆ ನೋಡಬೇಕಾಗಿತ್ತು. ಅಂಥಾದ್ದೇ ಸಪ್ಪಳ ಹುಡುಕಿ, ಹೊರಸಿನ ಬುಡಕ ಸ್ಪೀಕರ್ ಇಟ್ಟೆ.

ಎರಡನೇ ರವಿವಾರ. ಇವತ್ತ ಗಾಳಿ, ತೂಕ ಏನೂ ಕೇಳಬಾರದು ಅಂತ ಇಬ್ಬರೂ ಅಜ್ಜಂದಿರಿಂದ ಆಣಿ ಮಾಡಿಸಿಕೊಂಡಿದ್ದೆ. ಅಜ್ಜನ ಕತಿ ಚಂದ ಹೊಂಟಿತ್ತು. ಹೆಲಿಕಾಪ್ಟರ್ ಮೇಲೆದ್ದು, ಕಣಿವೆ ದಾಟಿ, ಮೋಡದ ಬಾಯಿಗೆ ಬಂದಿತ್ತು. ಅಲ್ಲಿ ನನ್ನ ಬೆರಳು ಸುಮ್ಮನಿರಲಿಲ್ಲ, ಒತ್ತಿಬಿಟ್ಟೆ.

ಅಜ್ಜನ ಎಡಗೈ ಸೀದಾ ಕೆಳಗೆ ಹೋಗಿ ಗಿರಮಿಟ್ಟಿನ ತಾಟಿನ ಅಂಚಿಗೆ ಬಡಿಯಿತು. ಉಳ್ಳಾಗಡ್ಡಿ, ಚುರಮರಿ ಎಲ್ಲ ಜಂತಿಗೆ ಹಾರಿದವು. ಗೋಕಾಕದ ಅಜ್ಜ ಎರಡೂ ಕೈ ತೊಡಿಯ ನಡುವೆ ಹಾಕಿ ಜೋರಾಗಿ ಎಳೆದರು. ಫೈಟರ್‌ನಲ್ಲಿ ಪೈಲಟ್‌ನನ್ನ ಸೀಟಿನ ಸಮೇತ ಹೊರಗೆ ಎಸೆಯುವ ಹಿಡಿಕೆ ಅಲ್ಲೇ ಇರತೈತಂತ. ನಮ್ಮ ಬೆತ್ತದ ಕುರ್ಚಿಯ ಅರ್ಧ ಹೆಣಿಕೆ ಕಿತ್ತು ಅವರ ಕೈಗೆ ಬಂತು.

ನಕ್ಕು ನಕ್ಕು ಅಜ್ಜನಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತಾಗ ದನಿ ಇರಲಿಲ್ಲ. ನಾಲ್ಕು ದಿವಸ ತುಟಿ ಅಲ್ಲಾಡಿದರೂ ಬರೀ ಗಾಳಿ. ಇದ್ದ ಇಪ್ಪತ್ತರಲ್ಲಿ ನಾಲ್ಕನ್ನ ನಾನೇ ತಿಂದಿದ್ದೆ. ಅವ್ವ ಕಸಬರಿಗಿ ತಗೊಂಡಾಗ ನಾನು ಓಡಲಿಲ್ಲ, ಬೆನ್ನು ಕೊಟ್ಟು ನಿಂತೆ.

ಮೂಡಲಗಿ ಅಜ್ಜ ಆಗ ಏನು ಮಾಡಿದರು ಅಂತ ಕೇಳತೀರಿ. ಹಾರ್ನ್ ಚೀರಿದಾಗ ಅವರು ಬಿಸ್ಕೀಟು ಅದ್ದುತ್ತಿದ್ದರು. ತಲಿ ಎತ್ತಲಿಲ್ಲ.

"ಒಂದ ಇಂಜಿನ್ ಹೋತೇನು? ಇನ್ನೂ ಮೂರು ಅದಾವಲ್ಲ, ಚಾ ಕುಡೀರಿ" ಅಂದರು.

ಹಿಂಗ

ಆಪರೇಶನ್ನಿನ ಹಿಂದಿನ ದಿನದ ಹೊತ್ತಿಗೆ ಅಜ್ಜನಿಗೆ ಒಂದಿಷ್ಟು ದನಿ ವಾಪಸ್ ಬಂದಿತ್ತು. ಈ ಸಲ ಯಾರನ್ನೂ ಕರೆಯಲಿಲ್ಲ. ನನ್ನನ್ನೂ ಹೊರಗೆ ಹಾಕಿದ. "ನೀ ಇದ್ರ ನಗತಿ ಇಲ್ಲಾ ನಗಸ್ತಿ, ನಡಿ ಹೊರಗ" ಅಂದ. ನಾನು ಫೋನಿನಲ್ಲಿ ದನಿ ಮಾತ್ರ ಹಿಡಿಯುವ ಹಂಗೆ ಮಾಡಿ ಇಟ್ಟು ಬಂದೆ. ವಿಡಿಯೋಕ್ಕೆ ಜಾಗಾ ಇರಲಿಲ್ಲ, ನನ್ನ ಕಿತಾಪತಿಗಳ ವಿಡಿಯೋಗಳೇ ತುಂಬಿದ್ದವು. ಅಜ್ಜನ ದನಿಗಿಂತ ಎಮ್ಮೆ ದೊಡ್ಡದಾಗಿತ್ತು ನನಗೆ.

ಮುಚ್ಚಿದ ಕಿಟಕಿಯ ಗ್ಲಾಸಿನಿಂದ ನೋಡಿದೆ. ಮಾತು ಕೇಳತಿರಲಿಲ್ಲ. ಅಜ್ಜನ ಎರಡೂ ಕೈ ಗಾಳಿಯಲ್ಲಿ ಏರುತ್ತಿದ್ದವು, ವಾಲುತ್ತಿದ್ದವು, ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆಹಾ, ಏನ್ ಕತಿ ಹೇಳಾಕತ್ತಾನ ಅಂದುಕೊಂಡೆ. ಅಜ್ಜ ಕಣ್ಣು ಒರೆಸಿಕೊಂಡು ಹೊರಗೆ ಬಂದ. ನಾನು ಕೇಳಲೂ ಇಲ್ಲ, ಸೀದಾ ವಿಜಯಪುರದ ಅಕ್ಕಾರಿಗೆ ಕಳಿಸಿಬಿಟ್ಟೆ.

ಮರುದಿನ ಮುಂಜಾನೆ ಅಜ್ಜನನ್ನ ಆಪರೇಶನ್ ಕೋಣೆಗೆ ಒಯ್ದರು. ಒಂದು ತಾಸು ಆಗಿರಬೇಕು, ಫೋನ್ ಬಂತು. ತಮ್ಮಾ, ನೀ ಇದನ್ನ ಕೇಳೀ ಏನು ಅಂದರು ಅಕ್ಕಾರ. ಹೊಗಳಾಕ ಫೋನ್ ಮಾಡ್ಯಾರ ಅಂದುಕೊಂಡೆ. ಅವರ ಫೋನ್ ಇಟ್ಟು, ಕಳಿಸಿದ್ದನ್ನ ಹಚ್ಚಿ ಕೇಳಿದೆ.

"ನಾ ಹಿಂಗ ಹೊಂಟಿದ್ನೆವ್ವಾ. ಮೋಡ ಹಿಂಗ ಬಂತು. ಕೆಳಗ ಬರ್ಫ, ಸುತ್ತೂಕಡೆ ಮೋಡ, ಎಲ್ಲಾ ಬಿಳೀದು. ಮ್ಯಾಲ ಯಾವದು ಕೆಳಗ ಯಾವದು ತಿಳೀಲಿಲ್ಲ. ಆಗ ನಿಮ್ಮಪ್ಪ ಹಿಂಗ ಬಂದ. ಹಿಂಗ ಅಲ್ಲ, ಹಿಂಗ. ನಾ ಹಿಂಗಾದ್ನಿ, ಅಂವ ಹಿಂಗಾದ. ಗುಡ್ಡ ಇಲ್ಲೇ ಹಿಂಗ ಐತಿ. ಆಗ ನಿಮ್ಮಪ್ಪ ರೇಡಿಯೋದಾಗ ನನಗ ಒಂದ ಮಾತು ಅಂದ. ಏನಂದಾ ಅಂದ್ರ"

ಅಷ್ಟೇ. ಅಲ್ಲಿಗೆ ಫೋನಿನ ಜಾಗಾ ಮುಗಿದಿತ್ತು.

ಗೋಡೆಗೆ ತಲಿ ಹೊಡಕೊಂಡೆ. ನರ್ಸಬಾಯಿಗೆ, ಆಪರೇಶನ್ ನಿಲ್ಲಸ್ರಿ, ಒಂದ ಮಾತು ಉಳದೈತಿ ಅಂದೆ. ಅವರು ನನ್ನನ್ನ ಬಾಕಿನ ಮೇಲೆ ಕೂಡಿಸಿ ನೀರು ಕೊಟ್ಟರು. ಅಕ್ಕಾರ ಮತ್ತ ಫೋನ್ ಮಾಡಿದರು. "ತಮ್ಮಾ, ನಮ್ಮಪ್ಪ ಹಿಂಗ ಬಂದಾ ಅಂದ್ರ ಹ್ಯಾಂಗ ಬಂದ?"

ನಾನು ಎಡಗೈಯಲ್ಲಿ ಫೋನ್ ಕಿವಿಗೆ ಹಿಡಿದು, ಬಲಗೈ ಎತ್ತಿ, "ಹಿಂಗ್ರಿ ಅಕ್ಕಾರ" ಅಂತ ತೋರಿಸಿದೆ.

ಉಳಿದ ಮಾತು

ಒಂದೂವರೆ ತಿಂಗಳಿಗೆ ಅಕ್ಕಾರ ತಾವೇ ಘೋಡಗೇರಿಗೆ ಬಂದರು. ಅಜ್ಜ ಗಂಟಲಿಗೆ ಬಿಳೀ ಅರಿವಿ ಕಟ್ಟಿಕೊಂಡು, ತೊಡಿಯ ಮೇಲೆ ಪಾಟಿ, ಬಳಪ ಇಟ್ಟುಕೊಂಡು ಕುಂತಿದ್ದ, ಆ ಉಳಿದ ಮಾತನ್ನ ಅವಳ ಎದುರಿಗೇ ಹೇಳತೇನಿ ಅಂತ ಅಲ್ಲೀತನಕ ನನಗೂ ಬರೆದು ಕೊಟ್ಟಿರಲಿಲ್ಲ. ನಾನು ಎಮ್ಮೆಯ ವಿಡಿಯೋ ಎಲ್ಲ ಅಳಿಸಿ ಫೋನ್ ಖಾಲಿ ಮಾಡಿದ್ದೆ.

ಗೋಕಾಕದ ಅಜ್ಜ, ಮೂಡಲಗಿ ಅಜ್ಜ ಇಬ್ಬರೂ ಬಂದಿದ್ದರು. ನೀ ಕೈ ಮಾಡು, ನಾವು ದನಿ ಕೊಡತೇವಿ ಅಂದರು. ಅಜ್ಜ ಬಲಗೈ ಎತ್ತಿ ಸ್ವಲ್ಪ ವಾಲಿಸಿದ. ಅರವತ್ತು ಡಿಗ್ರಿ ವಾಲಿದ ಅಂದರು ಗೋಕಾಕದವರು. ಹಿಟ್ಟಿನ ಗಿರಣಿ ಅಷ್ಟು ವಾಲಿದ್ರ ಬೀಳತೈತಿ, ಮೂವತ್ತು ಅಂದರು ಮೂಡಲಗಿಯವರು. ಮತ್ತ ಪೆನ್ಸಿಲ್ ಹುಡುಕತೊಡಗಿದರು. ಅಕ್ಕಾರ ಕಣ್ಣು ಒಬ್ಬರಿಂದ ಒಬ್ಬರಿಗೆ ತಿರುಗುತ್ತಿದ್ದವು, ಅವರ ಅಪ್ಪ ಎಲ್ಲೂ ಸಿಗುತ್ತಿರಲಿಲ್ಲ. ನನ್ನ ತಲಿ ಕಾಯ್ದು ಹಂಚಾಗಿತ್ತು.

ಈ ಸಲ ನನಗಿಂತ ಮೊದಲು ಅಜ್ಜನಿಗೇ ಸಿಟ್ಟು ಬಂತು. ಪಾಟಿಯನ್ನ ಹೊರಸಿಗೆ ಬಡಿದು ಬರೆದ: ಇಬ್ಬರೂ ಕೈಮ್ಯಾಲೆ ಕುಂದರ್ರಿ. ಇಬ್ಬರೂ ತಮ್ಮ ತಮ್ಮ ಕೈಗಳನ್ನ ಕುಂಡಿಯ ಬುಡಕ ಹಾಕಿಕೊಂಡು ಕುಂತರು. ಪೈಲಟ್‌ಗೆ ಕೈ ಇಲ್ಲಾಂದ್ರ ಬಾಯಿ ನಡೆಯೋದಿಲ್ಲ ಅಂತ ಅವತ್ತ ತಿಳಿಯಿತು.

ಅಜ್ಜ ನನ್ನ ಕಿವಿ ಹಿಡಿದು ಎಳೆದು ನೆಲಕ್ಕೆ ಕೂಡಿಸಿದ. ನಾನು ಗುಡ್ಡ. ಅಕ್ಕಾರ ಬಲಗೈ ಹಿಡಿದು ಅಂಗೈ ಕೆಳಗೆ ಮಾಡಿದ. ಅದು ಅವರ ಅಪ್ಪನ ಹೆಲಿಕಾಪ್ಟರ್. ತನ್ನ ಎಡಗೈ ತಾನು. ಅಜ್ಜನ ಕೈ ದಿಕ್ಕು ತಪ್ಪಿ ವಾಲುತ್ತಾ ನನ್ನ ತಲಿಗೆ ಹೊಡೆಯಾಕ ಬಂತು. ಅಕ್ಕಾರ ಕೈಯನ್ನ ಅಜ್ಜ ತನ್ನ ಕೈಯ ಮುಂದೆ ತಂದು ನಿಲ್ಲಿಸಿದ, ನಾಲ್ಕೇ ಬೆರಳು ಅಂತರ. ಆ ಬಿಳೀ ಲೋಕದಲ್ಲಿ ಕಣ್ಣಿಗೆ ಕಂಡದ್ದು ಅದೊಂದೇ ಕರೀ ಹೆಲಿಕಾಪ್ಟರ್, ಅದನ್ನ ನೋಡಿಕೊಂಡೇ ಬಂದೆ ಅಂತ ಪಾಟಿಯ ಮೇಲೆ ಬರೆದ. ಮುಂದಿನ ಕೈ ಹೋದಂಗೆ ಹಿಂದಿನ ಕೈ ಹೋಯಿತು. ನನ್ನ ಕಿವಿ ಸವರಿ, ನೆತ್ತಿ ಸುತ್ತಿ, ಎರಡೂ ಕೈ ಹೊರಗೆ ಬಂದವು. ನಾನು ಗುಡ್ಡದಂಗೆ ಸುಮ್ಮನಿದ್ದೆ, ಜನ್ಮದಲ್ಲಿ ಮೊದಲ ಸಲ.

ಅಕ್ಕಾರ ತಮ್ಮ ಕೈಯನ್ನೇ ನೋಡುತ್ತಾ ಬಹಳ ಹೊತ್ತು ಅತ್ತರು. ಆಮೇಲೆ, ರೇಡಿಯೋದಾಗ ಅಪ್ಪ ಏನಂದಿದ್ದರು ಅಂತ ಕೇಳಿದರು.

ಅಜ್ಜ ಎಲ್ಲರ ಮುಖ ನೋಡಿದ. ಬಳಪ ಹಿಡಿದ, ಬಿಟ್ಟ, ಮತ್ತ ಹಿಡಿದು ಬರೆದು, ಓದು ಅಂತ ನನ್ನ ಕಡೆ ತಿರುಗಿಸಿದ. ನಾನು ಎದ್ದು ನಿಂತು ಓದಿದೆ:

"ನನ್ನ ಥರ್ಮಾಸ್ ನಿನ್ನ ಕಡೆ ಐತಿ ಮಗನ. ನನ್ನ ಹಿಂದ ಬಾ, ಅದನ್ನ ಕೊಡು, ಆಮ್ಯಾಲ ಬೇಕಾದ್ರ ಸಾಯಿ."

ಅಕ್ಕಾರ ಅಳುವಾಗಲೇ ನಗಾಕ ಶುರು ಮಾಡಿದರು, ನಿಲ್ಲಿಸಾಕ ಆಗಲಿಲ್ಲ. ಆ ಥರ್ಮಾಸ್ ತಮ್ಮ ಅವ್ವನ ತವರಿನವರು ಮದುವೆಯಲ್ಲಿ ಕೊಟ್ಟದ್ದಂತ. ಅಪ್ಪನ ಸಾಮಾನಿನ ಪೆಟ್ಟಿಗಿ ಮನಿಗೆ ಬಂದಾಗ ಅದರಲ್ಲಿ ಇರಲಿಲ್ಲವಂತ. ಮೆಸ್ಸಿನ ಅಡಿಗಿಯವನೇ ಕದ್ದಿರಬೇಕು ಅಂತ ಅವ್ವ ಇವತ್ತಿಗೂ ಹಬ್ಬ ಹುಣ್ಣಿವೆಗೊಮ್ಮೆ ಅವನನ್ನ ಬೈಯತಾರಂತ. ಅದನ್ನ ನೀವು ವಾಪಸ್ ಕೊಟ್ಟಿರೋ ಇಲ್ಲೋ ಕಾಕಾ ಅಂತ ಅಜ್ಜನನ್ನ ಕೇಳಿದರು.

ಅಜ್ಜ ಅಡಿಗಿಮನಿಯ ಗೋಡೆಯ ಮಾಡದ ಕಡೆ ಒಮ್ಮೆ ನೋಡಿದ. ಪಾಟಿ ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದು ಅಕ್ಕಾರಿಗೆ ಮಾತ್ರ ಕಾಣುವಂಗೆ ಹಿಡಿದ. ನಾನು ಹಿಂದಿನಿಂದ ಬಗ್ಗಿ ಓದಿದೆ:

"ನಿಮ್ಮವ್ವಗ ಹೇಳಬ್ಯಾಡ."