ಆವಲಪ್ಪ ಮೇಷ್ಟ್ರ ಸ್ಕೂಟರಿಗೆ ಅಡುಗೆಮನೆಯ ಎಣ್ಣೆ

"ಸಾವಿರ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೋನು ನಾನು. ಒಂದು ಸ್ಕೂಟರಿಗೆ ಎಣ್ಣೆ ಆರಿಸೋಕೆ ಬರಲ್ವೇನ್ರೀ ನಂಗೆ?"

ಅರವತ್ಮೂರನೇ ಇಸವಿಯ ಒಂದು ಶುಕ್ರವಾರ ಸಂಜೆ, ಶಿಡ್ಲಘಟ್ಟದ ಆವಲಪ್ಪ ಮೇಷ್ಟ್ರು ಮೆಕಾನಿಕ್ ಹಿದಾಯತುಲ್ಲಾ ಸಾಹೇಬರ ಅಂಗಡಿ ಮುಂದೆ ನಿಂತು ಹೀಗೆ ಘೋಷಿಸಿದರು. ಕೈ ಬದಲಾಗಿ ಬಂದ ಅವರ ಸ್ಕೂಟರ್ ಮನೆ ಸೇರಿ ಆಗ ಒಂಬತ್ತು ದಿನ.

ಸಾಹೇಬರು ತಾಳ್ಮೆಯಿಂದಲೇ ಹೇಳಿದರು. "ಮೇಷ್ಟ್ರೇ, ಈ ಗಾಡಿ ಪೆಟ್ರೋಲಿನ ಜೊತೆಗೇ ಎಣ್ಣೆ ಕುಡೀತದೆ. ಅದಕ್ಕೇ ಅಂತ ಬೇರೆ ಎಣ್ಣೆ ಬರ್ತದೆ. ನಮ್ಮ ಡಬ್ಬ ಖಾಲಿ, ಸೋಮವಾರ ಬರ್ತದೆ. ನಾಳೆ ಬಸ್ಸಲ್ಲಿ ಹೋಗಿಬಿಡಿ."

ನಾಳೆ ಅಂದರೆ ಸಾಮಾನ್ಯ ದಿನವಲ್ಲ. ಮೇಷ್ಟ್ರ ಹೆಂಡತಿ ಅಶ್ವತ್ಥಮ್ಮನಿಗೆ ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಸ್ಕೂಲಲ್ಲಿ ಟೀಚರ್ ಕೆಲಸಕ್ಕೆ ಹತ್ತು ಗಂಟೆಗೆ ಸಂದರ್ಶನ. ಮದುವೆಯಾದ ಮೇಲೆ ದೀಪದ ಬೆಳಕಲ್ಲಿ ಓದಿ ಪರೀಕ್ಷೆ ಪಾಸು ಮಾಡಿದವಳು ಆಕೆ. ಬಸ್ಸಲ್ಲಿ ಹೋಗೋಣ ಅಂದಿದ್ದಳು. "ರಾಣಿ ಹಂಗೆ ಕರ್ಕೊಂಡು ಹೋಗ್ತೀನಿ ಕಣೇ" ಅಂದಿದ್ದರು ಇವರು.

ಬೆಳಿಗ್ಗೆ ಅವಳು ಸೀರೆ ಉಡುವಷ್ಟರಲ್ಲಿ ಮೇಷ್ಟ್ರು ಅಡುಗೆಮನೆಗೆ ಹೊಕ್ಕರು. ಗಾಣದಿಂದ ಮೊನ್ನೆ ತಾನೇ ಬಂದ ಕಡಲೆಕಾಯಿ ಎಣ್ಣೆ, ಚಿನ್ನದ ಬಣ್ಣ. ಮನುಷ್ಯನ ಹೊಟ್ಟೆಗೇ ಆಗೋದು ಕಬ್ಬಿಣದ ಹೊಟ್ಟೆಗೆ ಆಗಲ್ವೆ? ಪಾವಿನಲ್ಲಿ ಅಳೆದು ಪೆಟ್ರೋಲ್ ಟ್ಯಾಂಕಿಗೆ ಸುರಿದರು. ಸಾಲದು ಅನಿಸಿತು, ಇನ್ನೊಂದು ಪಾವು ಹೊಯ್ದರು. ದಾರಿಗಿರಲಿ ಅಂತ ಒಂದು ಡಬ್ಬ ಪೆಟ್ರೋಲನ್ನೂ ಗಾಡಿಗೆ ಕಟ್ಟಿಕೊಂಡರು.

ಐದು ಮೈಲಿ ಸ್ಕೂಟರ್ ರಾಜಗಾಂಭೀರ್ಯದಿಂದ ಓಡಿತು. ಹಿಂದೆ ಘಮಘಮ ಹೊಗೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ತಲೆಯೆತ್ತಿ, ಯಾರ ಮನೇಲಪ್ಪ ಬೋಂಡ ಅಂತ ನೋಡಿದರು.

"ರೀ, ಏನು ಹಾಕಿದ್ರಿ ಇದಕ್ಕೆ?"

"ಎಣ್ಣೆ."

"ಯಾವ ಎಣ್ಣೆ?"

ಉತ್ತರ ಸ್ಕೂಟರೇ ಕೊಟ್ಟಿತು. ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ನಿಂತೇಬಿಟ್ಟಿತು. ಆಗ ಎಂಟೂವರೆ. ಬಸ್ಸು ಇವರಿಗಿಂತ ಮೊದಲೇ ದಾಟಿ ಹೋಗಿತ್ತು.

ಮೇಷ್ಟ್ರು ಹಣೆ ಒರೆಸಿಕೊಂಡರು. ನಿಜ ಒಪ್ಪಿಕೊಂಡರು. ಅಶ್ವತ್ಥಮ್ಮ ಬೈಯಲಿಲ್ಲ. ಅದೇ ಅವರಿಗೆ ಹೆಚ್ಚು ಹೆದರಿಕೆಯಾದದ್ದು.

"ಡಬ್ಬದಲ್ಲಿ ಬೇರೆ ಪೆಟ್ರೋಲ್ ಇದ್ಯಲ್ಲ, ಅದಕ್ಕೇನೂ ಬೆರೆಸಿಲ್ವಾ?"

"ಇಲ್ಲ. ಆದ್ರೆ ಬರೀ ಪೆಟ್ರೋಲಲ್ಲಿ ಓಡಿಸಿದ್ರೆ ಇಂಜಿನ್ ಕಾದು ಬಿಗಿದ್ಕೊಂಡುಬಿಡ್ತದೆ."

"ನಮ್ಮಪ್ಪ ಬಾವಿ ಇಂಜಿನ್ನಿಗೆ ಎಣ್ಣೆ ಸಿಗದಿದ್ದಾಗ ಹರಳೆಣ್ಣೆ ಹಾಕ್ತಿದ್ರು. ಎಷ್ಟು ಕಾದ್ರೂ ಅದು ನೀರಾಗಲ್ಲ ಅಂತಿದ್ರು. ನೀವು ಆ ಬೋಂಡದ ಎಣ್ಣೆ ಬಸೀರಿ, ಬರ್ತೀನಿ."

ರಸ್ತೆ ಪಕ್ಕದ ಮನೆಯ ಜಗಲಿಯಲ್ಲಿ ಮುನಿಗಂಗಮ್ಮ ಎಂಬ ಮುದುಕಿ ಹರಳು ಬಿಡಿಸುತ್ತಾ ಕೂತಿದ್ದಳು. "ಯಾರಿಗಮ್ಮಾ ಹರಳೆಣ್ಣೆ, ಮಗುಗಾ?" ಅಂದಳು.

"ದೊಡ್ಡ ಮಗು ಅಜ್ಜಿ, ರಸ್ತೇಲಿ ನಿಂತಿದೆ."

ಮುದುಕಿ ಇಣುಕಿ ನೋಡಿದಳು. ಮೇಷ್ಟ್ರು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಇಸ್ತ್ರಿ ಮಾಡಿದ ಕರವಸ್ತ್ರದಿಂದ ಪ್ಲಗ್ಗು ಒರೆಸುತ್ತಿದ್ದರು. ಏನರ್ಥ ಮಾಡಿಕೊಂಡಳೋ, ಸೀಸೆ ತುಂಬಾ ಕೊಟ್ಟಳು.

ಅಶ್ವತ್ಥಮ್ಮ ಡಬ್ಬಕ್ಕೆ ಸ್ವಲ್ಪ ಸ್ವಲ್ಪವೇ ಸುರಿದು, ಮಜ್ಜಿಗೆ ಕಡೆಯುವ ಹಾಗೆ ಕುಲುಕಿದಳು. "ಇನ್ನೊಂದು ತೊಟ್ಟು" ಅಂದರು ಮೇಷ್ಟ್ರು. ಅವಳು ನೋಡಿದ ನೋಟಕ್ಕೆ ಡಬ್ಬ ತಗೊಂಡು ಟ್ಯಾಂಕಿಗೆ ಸುರಿದರು. ಏಳನೇ ಒದೆತಕ್ಕೆ ಇಂಜಿನ್ ಚಾಲೂ ಆಯಿತು. ಡುರ್ ಅಂದಿತು, ಒಂದೇ ಸಮನೆ.

ಹತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಸ್ಕೂಟರ್ ನೀಲಿ ಹೊಗೆಯ ಮೆರವಣಿಗೆಯೊಂದಿಗೆ ಸ್ಕೂಲಿನ ಗೇಟು ಹೊಕ್ಕಿತು. ಅಶ್ವತ್ಥಮ್ಮ ಇಳಿದು, ಸೆರಗು ಸರಿಮಾಡಿಕೊಂಡು, ಹಿಂತಿರುಗಿಯೂ ನೋಡದೆ ಒಳಗೆ ಹೋದಳು. ಮೇಷ್ಟ್ರು ಕಿಟಕಿ ಕೆಳಗೆ ಇಂಜಿನ್ ಚಾಲೂ ಇಟ್ಟೇ ಕಾದರು. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಅನ್ನುವ ಭಯ. ಗೆದ್ದು ಬರಲಿ ಅಂತ ಕಂಡ ದೇವರಿಗೆಲ್ಲ ಕೈಮುಗಿದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಜವಾನ ಕೆಮ್ಮುತ್ತಾ ಹೊರಗೆ ಬಂದ. ಮೇಷ್ಟ್ರ ಮಸಿ ಹಿಡಿದ ಮುಖ, ಎಣ್ಣೆ ಕುಡಿದ ಅಂಗಿ, ಎರಡನ್ನೂ ಅಡಿಯಿಂದ ಮುಡಿವರೆಗೆ ನೋಡಿದ.

"ಲೋ ಡ್ರೈವರಪ್ಪಾ, ನಿಮ್ಮ ಮೇಡಮ್ಮೋರಿಗೆ ಕೆಲ್ಸ ಆಯ್ತು. ಗಾಡಿ ಆ ಕಡೆ ನಿಲ್ಲಿಸ್ಕೋ. ಹೊಗೆಗೆ ಹೆಡ್‌ಮಿಸ್ಸಮ್ಮೋರಿಗೆ ಕಣ್ಣಲ್ಲಿ ನೀರು ಬರ್ತಾ ಅದೆ."

ಮೇಷ್ಟ್ರ ಕಣ್ಣಲ್ಲೂ ನೀರು ಬಂದಿತ್ತು. ಅದು ಹೊಗೆಗಲ್ಲ.

"ಆಗ್ಲಿ ಸಾರ್" ಅಂದರು, ಗಾಡಿ ತಳ್ಳಿಕೊಂಡು.