ಪದಗಳ ಊರು ಕೇಳುವ ಮಾವ

ನನ್ನ ಸೋದರಮಾವನ ಎದುರು ಬಾಯಿತಪ್ಪಿ ಒಂದು ಇಂಗ್ಲಿಷ್ ಪದ ಆಡಿದಿರೋ, ನಿಮ್ಮ ಕಾಫಿ ಆರಿಹೋಯಿತು ಅಂತಲೇ ತಿಳಿಯಿರಿ! ಆ ಪದದ ಊರು ಯಾವುದು, ಯಾರ ಬಾಯಿಂದ ಹಡಗು ಹತ್ತಿತು, ಇಂಗ್ಲಿಷಿಗೆ ಹೋಗಿ ಸೇರುವಷ್ಟರಲ್ಲಿ ಅದರ ಮೂಗುಬಾಯಿ ಹೇಗೆ ಬದಲಾಯಿತು ಎಂದೆಲ್ಲ ಕೇಳದೆ ನೀವು ಏಳುವಂತಿಲ್ಲ. ಸಿದ್ದಾಪುರದಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದ ಮನುಷ್ಯ. ಆ ತಲೆಯೊಳಗೆ ಇಷ್ಟೆಲ್ಲ ಹೇಗೆ ಹಿಡಿಸಿತೋ, ನನಗೆ ಇವತ್ತಿಗೂ ಬೆರಗು.

ಕಳೆದ ಮಳೆಗಾಲ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. "ಅವರ ಹತ್ರ ಮಾತಾಡ್ತಾ ಇರಿ, ಮಾತು ವಾಪಸ್ ಬಂದರೂ ಬರಬಹುದು" ಅಂದರು ಡಾಕ್ಟರು. ಯಾರಿಗೆ ಹೇಳುತ್ತಿದ್ದೇನೆಂದು ಪಾಪ, ಅವರಿಗೇನು ಗೊತ್ತು!

ಅತ್ತೆಯ ತಲೆ ತೊಳೆಯುವಾಗಲೂ ಪಾಠ. "ನೋಡು, ಶಾಂಪೂ ಅಂದ್ರೆ ಹಿಂದಿಯ ಚಾಂಪೋ. ಒತ್ತು, ತಿಕ್ಕು ಅಂತ. ಅದು ಬಾಟಲಿಯ ಹೆಸರಲ್ಲ, ಕೈಯ ಕೆಲಸ." ಹೇಳುತ್ತ ಹೇಳುತ್ತ ಮೆಲ್ಲಗೆ ತಲೆ ಒತ್ತುತ್ತಾರೆ. ಅತ್ತೆ ಕಣ್ಣು ಮುಚ್ಚಿ ಕೂತಿರುತ್ತಾರೆ.

ಪಕ್ಕದ ಕೊಡವರ ಮನೆಯ ಮದುವೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ತಟ್ಟೆಗೆ ಹಂದಿಮಾಂಸದ ಪಂದಿಕರಿ ಬಿತ್ತು. ಮಾವ ಸುಮ್ಮನಿರುವ ಆಸಾಮಿಯೇ? "ಹೆಗ್ಗಣಕ್ಕೆ ಬ್ಯಾಂಡಿಕೂಟ್ ಅಂತಾರಲ್ಲ, ಅದು ತೆಲುಗಿನ ಪಂದಿಕೊಕ್ಕು. ಹಂದಿಯಂಥ ಇಲಿ. ಈ ಪಂದಿಯೇ ಆ ಪಂದಿ" ಎಂದು ಅತ್ತೆಯ ಕಿವಿಯಲ್ಲಿ ಶುರುಮಾಡಿದ್ದು ಮೇಜಿಗೆಲ್ಲ ಕೇಳಿಸಿತು. ಸುತ್ತಲಿನ ತುತ್ತುಗಳೆಲ್ಲ ಬಾಯಿಯ ಹತ್ತಿರ ಬಂದು ನಿಂತವು!

"ಮೇಷ್ಟ್ರೇ, ಉಂಡ ಮೇಲೆ ಹೇಳಿ ಮಾರಾಯ್ರೆ" ಎಂದರು ಮನೆಯ ಯಜಮಾನರು. ಮಾವ ಮಾತ್ರ ಇನ್ನೊಂದು ಸಲ ಬಡಿಸಿಕೊಂಡರು.

ನನಗೆ ರೇಗಿತು. "ಮಾವ, ಅತ್ತೆಗೆ ಇದೆಲ್ಲ ಯಾಕೆ? ನೀರು, ಅನ್ನ ಅಂತ ಹೇಳಿಸಿ."

"ಅದೆಲ್ಲ ಅವಳಿಗೆ ಗೊತ್ತುಂಟು. ಹೀಗೆ ತಲೆ ತಿಂದ್ರೆ ನನ್ನ ಬೈಯ್ಲಿಕ್ಕಾದ್ರೂ ಬಾಯಿ ಬಿಟ್ಟಾಳು ಅಂತ."



ಮೊನ್ನೆ ಹಲಸಿನಹಣ್ಣು ಬಿಡಿಸಿದ್ದೆವು. ಅತ್ತೆಗೆ ತಿನ್ನಿಸಲು ತೊಳೆ ಹಿಡಿದ ಮಾವ ಅರ್ಧದಲ್ಲೇ ನಿಂತರು. "ಮಲಯಾಳದಲ್ಲಿ ಇದು ಚಕ್ಕ. ಪೋರ್ಚುಗೀಸರ ಬಾಯಲ್ಲಿ ಜಾಕ. ಇಂಗ್ಲಿಷಿನವರು ಅದನ್ನೇ ಜ್ಯಾಕ್..." ತೊಳೆ ಅತ್ತೆಯ ತುಟಿಯ ತನಕ ಹೋಗುವುದು, ಮಾತಿನ ಜೊತೆ ಹಿಂದೆ ಬರುವುದು. ಅತ್ತೆಯ ಕಣ್ಣು ಅದರ ಹಿಂದೆಯೇ ಓಡುತ್ತಿತ್ತು. ಓರೆಯಾದ ತುಟಿ ನಡುಗಿತು.

"ಸಾ...ಕು. ಕೊ...ಡಿ."

ಮಾವನ ಮಾತು ಅಲ್ಲಿಗೇ ನಿಂತಿತು. ತೊಳೆಯನ್ನು ಅತ್ತೆಯ ಬಾಯಿಗಿಟ್ಟು, ಅವರ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತರು.

"ಇನ್ನೊಂದು ಸಲ ಬೈಯೇ ಮಾರಾಯ್ತಿ," ಎಂದರು, "ಇನ್ನೊಂದೇ ಒಂದು ಸಲ."