ಗೋಡೆಯಾಚೆಯ ಸಮುದ್ರ

ಹಗಲುಗನಸು ಕಾಣುವವರ ಕೈಗೆ ಗಾರೆಕೆಲಸದ ಉಸ್ತುವಾರಿ ಕೊಡಬಾರದು. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದಲ್ಲಿ ಒಮ್ಮೆ ಮದರಾಸಿಗೆ ಹೋದಾಗ ಗೆಳೆಯನೊಬ್ಬನ ಮನೆಯಲ್ಲಿ ಉಳಿದಿದ್ದೆ. ಸಮುದ್ರಕ್ಕೆ ಮುಖ ಮಾಡಿದ ಎರಡು ಫ್ಲಾಟುಗಳ ನಡುಗೋಡೆ ಒಡೆಸಿ ಒಂದೇ ಮನೆ ಮಾಡಿಕೊಂಡಿದ್ದ ಪುಣ್ಯಾತ್ಮ. ಊಟಕ್ಕೆ ಕೂತರೂ ಸಮುದ್ರ, ಒಗ್ಗರಣೆ ಹಾಕಿದರೂ ಸಮುದ್ರ. ಬೆಳಕು ಯಾರ ಅಪ್ಪಣೆಯನ್ನೂ ಕೇಳದೆ ಮನೆತುಂಬ ಓಡಾಡುತ್ತಿತ್ತು. ಶ್ರೀನಿವಾಸಪುರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಗೋಡೆಗಳನ್ನೇ ಒಡೆಯುತ್ತ ಬಂದೆ.

ನಮ್ಮದೂ ಮೊದಲು ಒಂದೇ ಮನೆ. ಅಣ್ಣನೂ ನಾನೂ ಪಾಲಾದಾಗ ನಡುವೆ ಗೋಡೆ ಎದ್ದಿತು. ಕೆರೆಯ ಕಡೆಯ ಕಿಟಕಿಗಳೆಲ್ಲ ಅಣ್ಣನಿಗೆ ಹೋದವು, ನನಗೆ ರಸ್ತೆಯೂ ಮಾವಿನಕಾಯಿ ಲಾರಿಗಳ ಧೂಳೂ ಬಂದವು. ಹಗಲಲ್ಲೂ ದೀಪ ಹಚ್ಚಬೇಕು. ಗೋಡೆಯಲ್ಲಿ ಆಚೆಯಿಂದ ಈಚೆಗೆ ಕೈ ತೂರುವಷ್ಟು ಒಂದು ಗೂಡು ಮಾತ್ರ ಉಳಿಸಿದ್ದರು. ಅದರ ಮೂಲಕ ಅತ್ತಿಗೆಯ ಬಟ್ಟಲು ಈಚೆ ಬರುತ್ತಿತ್ತು, ನನ್ನ ಹೆಂಡತಿ ಕಮಲ ಅದರಲ್ಲಿ ಏನಾದರೂ ತುಂಬಿ ಆಚೆ ಕಳಿಸುತ್ತಿದ್ದಳು. ಬರಿ ಬಟ್ಟಲು ಹಿಂದಿರುಗಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತಿಗೆ ಆಂಧ್ರದ ಗಡಿಯ ರಾಯಲ್ಪಾಡಿನವರು, ತೆಲುಗು ಬೆರೆತ ಮಾತು. ಪಪ್ಪು ಅಂತ ಅವರು ಕರೆಯುವ ಮಾವಿನಕಾಯಿ ತೊವ್ವೆ ಗೂಡಿನಲ್ಲಿ ಕಾಣಿಸಿಕೊಂಡರೆ ನನಗೆ ಇನ್ನೊಂದು ಮುದ್ದೆ ತಾನಾಗಿ ಇಳಿಯುತ್ತಿತ್ತು.

ಗೋಡೆ ತೆಗೆಸೋಣ ಎಂದೆ. ಅಣ್ಣ ನಶ್ಯ ಏರಿಸಿ, "ನಿನ್ನಿಷ್ಟ ಕಣೋ" ಎಂದ. "ಚೆನ್ನಾಗೇ ಇದ್ದೀವಲ್ಲ, ಯಾಕ್ರೀ?" ಎಂದಳು ಕಮಲ. ಅತ್ತಿಗೆ ಗೂಡಿನಿಂದಲೇ, ಮೈದುನನನ್ನು ಕರೆಯುವ ತಮ್ಮ ಕಡೆಯ ಮಾತಿನಲ್ಲಿ, "ಮರಿದೀ, ನೀನು ಬೆಳಕು ನೋಡ್ಕೊಂಡು ಕೂತ್ಕೊತೀಯ. ನಾವು ದಿನಾ ಒಬ್ಬರ ಮುಖ ಒಬ್ಬರು ನೋಡ್ಬೇಕಲ್ಲಪ್ಪಾ" ಎಂದರು. ಕನಸು ಕಾಣುವವನಿಗೆ ಕಿವಿ ಎಲ್ಲಿ ಕೇಳುತ್ತದೆ?

ಗೋಡೆ ಬಿತ್ತು. ಧೂಳು ಅಡಗಿದ ಮೇಲೆ ಕೆರೆಯ ನೀರಿನ ಬೆಳಕು ಒಳಗೆ ಬಂದು ನಮ್ಮ ತೊಲೆಗಳ ಮೇಲೆಲ್ಲ ಕುಣಿಯಿತು. ನನ್ನ ಕಣ್ಣು ತುಂಬಿಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಗಾಳಿ ಬೀಸಿದಾಗ ಅದು ಮದರಾಸೇ ಆಗಿಬಿಡುತ್ತಿತ್ತು.

ಆದರೆ ಒಲೆ ಒಂದಾಯಿತಲ್ಲ. ಗೋಡೆ ಇದ್ದಾಗ ಗೊಣಗಿದ್ದು ಗೋಡೆಗೇ ಸೇರುತ್ತಿತ್ತು, ಈಗ ಗೊಣಗುವಂತಿಲ್ಲ. ಇಬ್ಬರೂ ಮರ್ಯಾದಸ್ಥರಾಗಿಬಿಟ್ಟರು. "ನೀವೇ ಮಾಡಿ ಅಕ್ಕ." "ಇಲ್ಲಮ್ಮ, ನೀನೇ ಮಾಡು." ಸಾರಿಗೆ ಒಂದು ದಿನ ಇಬ್ಬರೂ ಉಪ್ಪು ಹಾಕಿದರು, ಮರುದಿನ ಇಬ್ಬರೂ ಹಾಕಲಿಲ್ಲ. ಬಟ್ಟಲು ಯಾರು ಯಾರಿಗೆ ಕೊಡುವುದು? ಕಡೆಗೆ ಮಾತೂ ನಿಂತಿತು. ಕಮಲ ಬಟ್ಟೆ ಕಟ್ಟಿಕೊಂಡು ಮಾಲೂರಿನ ತವರಿಗೆ ಹೊರಟುಹೋದಳು. ನಾನು ಅಷ್ಟು ಬೆಳಕಿನಲ್ಲಿ ಒಬ್ಬನೇ ಕೂತೆ. ಅವಳಿಲ್ಲದ ಮನೆ ಎಷ್ಟು ದೊಡ್ಡದು ಎಂಬುದೂ ಆ ಬೆಳಕಿನಲ್ಲೇ ಕಂಡಿತು. ಹೆದರಿಕೆಯಾಯಿತು.

ಅವಳನ್ನು ಕರೆತಂದದ್ದು ನಾನಲ್ಲ, ಅತ್ತಿಗೆ. ತಾವೇ ಬಸ್ಸು ಹತ್ತಿ ಹೋಗಿದ್ದರು. ಬಂದವರೇ ಇಬ್ಬರೂ ಸೇರಿ ಗೋಡೆಯಿದ್ದ ಜಾಗದಲ್ಲಿ ಹಗ್ಗ ಕಟ್ಟಿ ಹಳೆಯ ಸೀರೆಯೊಂದನ್ನು ಇಳಿಬಿಟ್ಟರು. ನಮ್ಮ ಹಳೆಯ ಒಲೆ ಮತ್ತೆ ಹೊತ್ತಿತು. ಸಂಜೆಯ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಕಡೆ ಹಾಯಾಗಿ ಗೊಣಗುತ್ತಿದ್ದರು. ಆಮೇಲೆ ಸೀರೆಯ ಅಂಚಿನ ಕೆಳಗಿಂದ ಒಂದು ಬಟ್ಟಲು ಈಚೆ ಸರಿಯಿತು.

ಈಗಲೂ ಗಾಳಿ ಬೀಸಿದಾಗ ಸೀರೆ ಮೇಲೇಳುತ್ತದೆ, ಆಚೆ ಕೆರೆ ಹೊಳೆಯುತ್ತದೆ. "ಸಮುದ್ರ ಕಾಣಿಸ್ತಾ?" ಎಂದು ಕಮಲ ಛೇಡಿಸುತ್ತಾಳೆ. ಕಾಣಿಸಿತು ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತೂ ನಾನು ಕತ್ತು ಚಾಚಿ ನೋಡುವುದು ಅತ್ತಿಗೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು.